ಮುದುಕನ ಹಣೆಗೆ ಕುಂಕುಮ

ಕಳೆದ ಭಾನುವಾರ ಬೆಳಗ್ಗೆ ಹತ್ತೂವರೆಗೆ ನಾನು ನಿಂತಿದ್ದದ್ದು ವಿಜಯವಾಡದ ಗವರ್ನರ್‌ಪೇಟೆಯ ಒಂದು ಬಾಡಿಗೆ ಹಾಲ್‌ನಲ್ಲಿ, ವೇದಿಕೆಯ ಎಡಗಡೆ ಮೆಟ್ಟಿಲ ಮೇಲೆ. ಕೈಯಲ್ಲಿ ಮೈಕ್ ವೈರ್. ನನಗೂ ದೀಪಕ್ಕೂ ನಡುವೆ ಯಾರೂ ಅಡ್ಡ ಇರಲಿಲ್ಲ. ಆದ್ದರಿಂದ ಆದದ್ದನ್ನೆಲ್ಲ ನೋಡಿದ್ದೇನೆ.

ನಮ್ಮದು ವರ್ಗವಾಗಿ ಬಂದ ಬ್ಯಾಂಕಿನವರ ಪುಟ್ಟ ಕನ್ನಡ ಸಂಘ. (ನಮ್ಮ ಮಕ್ಕಳು ಕನ್ನಡದಲ್ಲಿ ಊಟ ಕೇಳುತ್ತಾರೆ, ತೆಲುಗಿನಲ್ಲಿ ಜಗಳವಾಡುತ್ತಾರೆ.) ವರ್ಷಕ್ಕೊಮ್ಮೆ ನಮಗೆ ಕಲೆಯ ನೆನಪಾಗುತ್ತದೆ. ಈ ಸಲ ವಿಶಾಖಪಟ್ಟಣದಿಂದ ಸುಮಿತ್ರಾ ಮೇಡಂ ಅವರನ್ನು ಕರೆಸಿದ್ದೆವು. ಮೂಲ ಧಾರವಾಡ, ಅಲ್ಲಿಂದ ಬಂದು ವಿಶಾಖಪಟ್ಟಣದ ಒಂದು ಕಾಲೇಜಿನಲ್ಲಿ ಮುದ್ರಣಕಲೆ ಕಲಿಸಿ ನಿವೃತ್ತರಾದವರು.

ಅವರು ಒಂದು ಹಾಳೆ ತಂದಿದ್ದರು. ಫ್ರಾನ್ಸಿನ ಒಬ್ಬ ಇಂಪ್ರೆಷನಿಸ್ಟ್ ಕಲಾವಿದ ಮುಪ್ಪಿನಲ್ಲಿ ಮಾಡಿಕೊಂಡ ತನ್ನದೇ ಮುಖ. ಲೋಹದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದಿ, ಮಸಿ ತುಂಬಿ ಕಾಗದಕ್ಕೆ ಒತ್ತಿದ್ದು. ಬದುಕಿಡೀ ಬಿಸಿಲು, ಬಣ್ಣ ಎಂದು ಹಂಬಲಿಸಿದ ಮನುಷ್ಯ ತನಗೆ ಮಾತ್ರ ಬರೀ ಕಪ್ಪು ಗೆರೆ ಸಾಕೆಂದಿದ್ದ. ಉದ್ದ ಗಡ್ಡ, ಕನ್ನಡಕ, ಟೋಪಿ. ಮೇಡಂಗೆ ಅವರ ಗುರುಗಳು ಕೊಟ್ಟುಹೋದ ಹಾಳೆ ಅದು. ಮುಂದಿನ ಶನಿವಾರ ಅದನ್ನು ತಮ್ಮ ಕಾಲೇಜಿಗೆ ಒಪ್ಪಿಸುವವರಿದ್ದರು. ಅದಕ್ಕೂ ಮೊದಲು ನಮಗೊಮ್ಮೆ ತೋರಿಸುವ ಆಸೆ.

ರೈಲಿನಲ್ಲಿ ಚೌಕಟ್ಟಿನ ಗಾಜು ಒಡೆದಿತ್ತು. ಚೂರುಗಳನ್ನು ಬಿಡಿಸಿ, ಚಿತ್ರವನ್ನು ದೀಪದ ಪಕ್ಕದ ಸ್ಟ್ಯಾಂಡ್ ಮೇಲಿಟ್ಟು, ಅವರು ಹಿಂದುಗಡೆ ಪ್ರೊಜೆಕ್ಟರ್ ನೋಡಲು ಹೋದರು.

ಅಷ್ಟರಲ್ಲಿ ಗೊತ್ತಾದದ್ದು: ಸರಸ್ವತಿಯ ಫೋಟೋ ತರಲು ಎಲ್ಲರೂ ಮರೆತಿದ್ದಾರೆ. ಹಾರ ಬಂದಿದೆ, ಗಂಧ ಕುಂಕುಮದ ತಟ್ಟೆ ಬಂದಿದೆ, ಮುಖ್ಯ ಅತಿಥಿಯೂ ಬಂದಿದ್ದಾರೆ. ದೇವರೊಬ್ಬರೇ ಗೈರು.

ವೇದಿಕೆಯಲ್ಲಿ ಇದ್ದದ್ದು ಒಂದೇ ಚೌಕಟ್ಟು. ಒಳಗೆ ಗಡ್ಡದ ಮುದುಕ. ಇನ್ನೇನು ಬೇಕು?

"ಎವರಂಡಿ ಈಯನ?" ಎಂದರು ಮುಖ್ಯ ಅತಿಥಿ. ಯಾರ್ರೀ ಇವರು ಎಂದು.

ನಮ್ಮ ಅಧ್ಯಕ್ಷ ರಾಮಮೂರ್ತಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಅವರಿಗಿಲ್ಲ. "ಚಾಲಾ ಪೆದ್ದವಾರು ಸಾರ್" ಎಂದರು. ತುಂಬ ದೊಡ್ಡವರು!

ಹಾರ ಬಿತ್ತು. "ಸಾರ್, ಅದು ಫೋಟೋ ಅಲ್ಲ..." ಎಂದೆ. "ಬನ್ನಿ ಸಾರ್, ನಾಚ್ಕೋಬೇಡಿ, ನೀವೂ ಎರಡು ಹೂವು ಹಾಕಿ" ಎಂದು ರಾಮಮೂರ್ತಿ ನನ್ನ ಕೈಗೆ ಸೇವಂತಿಗೆ ತುರುಕಿದರು. ಅಷ್ಟರಲ್ಲಿ ಮುಖ್ಯ ಅತಿಥಿ ಹೆಬ್ಬೆರಳಿನಿಂದ ಗಂಧ ಒತ್ತಿಯಾಗಿತ್ತು. ಗಂಧದ ಮೇಲೆ ಕುಂಕುಮ. ಬರಿಯ ಕಾಗದದ ಮೇಲೆ. ಹಾಲ್‌ನಲ್ಲಿ ಚಪ್ಪಾಳೆ.

ಮೇಡಂ ಓಡಿಬಂದರು. ತಪ್ಪು ತಿದ್ದುವ ಉತ್ಸಾಹದಲ್ಲಿ ರಾಮಮೂರ್ತಿ ಕರ್ಚೀಫ್ ನೆನೆಸಿ ಒರೆಸಿಯೇಬಿಟ್ಟರು. ಹಣೆಯಲ್ಲಿದ್ದ ಕೆಂಪು ಗಡ್ಡದವರೆಗೂ ಇಳಿಯಿತು.

"ಬಿಡ್ರಿ! ಮುಟ್ಟಬ್ಯಾಡ್ರಿ!"

ಮೇಡಂ ಅಳಲಿಲ್ಲ. ಹಾರ ತೆಗೆದು ಕುರ್ಚಿಯ ಮೇಲಿಟ್ಟರು. "ಆಸಿಡ್‌ನ್ಯಾಗ ಅದ್ದಿ ತಗದ ಮುಖ ಇದು. ಇಷ್ಟ್ ವರ್ಷ ಏನೂ ಆಗಿರಲಿಲ್ಲ ನೋಡ್ರಿ. ನಮ್ಮ ಮರ್ಯಾದಿ ತಡಕೊಳ್ಳಾಕ ಆಗಲಿಲ್ಲ."

"ಒಂಥರಾ ಕಳೆ ಬಂದಿದೆ ಮೇಡಂ" ಎಂದರು ರಾಮಮೂರ್ತಿ. ಸತ್ಯವಾಗಿಯೂ ಹಾಗೆಂದರು.

ಗೌರವಿಸುವುದಕ್ಕೆ ನಮಗೆ ಮುಖ ಬೇಕು, ಪರಿಚಯ ಬೇಡ. ಯಾರೆಂದು ಒಂದು ನಿಮಿಷ ಕೇಳಿ ತಿಳಿಯುವುದಕ್ಕಿಂತ ಹಾರ ಹಾಕುವುದು ಸುಲಭ. ಕಲಾವಿದ ತನ್ನನ್ನು ತಾನೇ ಬಿಡದೆ ನೋಡಿಕೊಂಡು ಕೊರೆದ ಮುಖವನ್ನು ನಾವು ಒಬ್ಬರೂ ನೋಡಲಿಲ್ಲ. ಕೈ ಮಾತ್ರ ಮುಗಿದೆವು.

ಸಂಜೆ ಸ್ಟೇಷನ್‌ನಲ್ಲಿ ಮೇಡಂ ಕೇಳಿದ್ದು ಒಂದೇ: "ಶನಿವಾರ ಕಾಲೇಜಿನ್ಯಾವರು ಈ ಕೆಂಪು ಏನಂತ ಕೇಳ್ತಾರ. ನಾನ ಹಾಳು ಮಾಡೀನಿ ಅನ್ಕೋತಾರ. ಕಂಡವರು ಯಾರರೆ ಬಂದು ಹೇಳ್ತೀರೇನ್ರಿ?"

ನಾನು ವಿಶಾಖಪಟ್ಟಣಕ್ಕೆ ಟಿಕೆಟ್ ಮಾಡಿಸಿದ್ದೇನೆ. ಜೊತೆಗೆ ಬನ್ನಿರೆಂದು ಉಳಿದವರಿಗೂ ಫೋನ್ ಮಾಡಿದೆ. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ 'ಮಹನೀಯರಿಗೆ ಪುಷ್ಪನಮನ' ಎಂಬ ಫೋಟೋ ಇನ್ನೂ ಇದೆ. ಅದರಲ್ಲಿ ಮುಖ್ಯ ಅತಿಥಿ, ರಾಮಮೂರ್ತಿ, ನಮ್ಮ ಕಾರ್ಯದರ್ಶಿ, ಖಜಾಂಚಿ ದಂಪತಿ, ಎಲ್ಲರೂ ಕ್ಯಾಮೆರಾ ಕಡೆ ನಗುತ್ತ ನಿಂತಿದ್ದಾರೆ. ದೇವರ ದಯೆಯಿಂದ ಎಲ್ಲರೂ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ. ಕುಂಕುಮ ಹಚ್ಚಿದ ಹೊತ್ತಿನಲ್ಲಿ ಮಾತ್ರ ಅಷ್ಟೂ ಜನ ಉಪ್ಪಿಟ್ಟಿನ ಸಾಲಿನಲ್ಲಿದ್ದರಂತೆ.