ಎರಡು ಒಲೆಯ ಮನೆ

ಹುಚ್ಚೆಳ್ಳು ಹುರಿಯುವ ವಾಸನೆಗೆ ನಾಚಿಕೆಯೇ ಇಲ್ಲ. ಯಾರನ್ನೂ ಕೇಳದೆ ಮನೆಯೊಳಗೆ ನುಗ್ಗುತ್ತದೆ. ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯವರು ಹುರಿಯುತ್ತಿದ್ದರು. ಬಟ್ಟೆ ಮಡಿಚುತ್ತಿದ್ದ ನಾನು ಕೈಯಲ್ಲಿದ್ದ ಟವೆಲನ್ನು ಹಾಗೆಯೇ ಹಿಡಿದುಕೊಂಡು ಕುಳಿತುಬಿಟ್ಟೆ. ಇನ್ನೇನು ಸೀದೇ ಹೋಯಿತು ಎನ್ನುವಾಗ ಕಮ್ಮಗೆ ಏಳುವ ಆ ವಾಸನೆ ಟಿ. ನರಸೀಪುರದ ನಮ್ಮ ಹಳೆಯ ಮನೆಯದು. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ, ಅದರ ಹಿಂದೆ ಯಾರದೋ ಗೋಡೌನು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಇದ್ದರೆ ನನ್ನ ಸಂಕಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಎರಡು ಒಲೆ. ಅಡುಗೆಮನೆಯೊಳಗೆ ಒಂದು, ಹಿತ್ತಲಿನ ಮಾಡಿನ ಕೆಳಗೆ ಇನ್ನೊಂದು. ಅಪ್ಪನದು ಒಕ್ಕಲಿಗರ ಮನೆ. ಅಮ್ಮ ನಂಜನಗೂಡು ಕಡೆಯ ಹೆಮ್ಮರಗಾಲದ ಲಿಂಗಾಯತರ ಮಗಳು. ಇಬ್ಬರೂ ಮೆಚ್ಚಿ ಮದುವೆಯಾದರು. ಅಂದಿನಿಂದ ಅಮ್ಮನ ತಂದೆ ಮಗಳ ಹೆಸರೆತ್ತಲಿಲ್ಲ, ಅಮ್ಮನಿಗೆ ತವರಿನ ಬಾಗಿಲು ಮುಚ್ಚಿಹೋಯಿತು. ಸೊಸೆ ಬಂದ ವಾರದಲ್ಲೇ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಮಾಂಸ ಬೇಯಿಸುವ ಬಾಡಿನ ಮಡಕೆ, ಸೌಟು, ಮಸಾಲೆ ಅರೆಯುವ ಕಲ್ಲು ಎಲ್ಲವನ್ನೂ ಹಿತ್ತಲಿಗೆ ಸಾಗಿಸಿ ಅಲ್ಲೊಂದು ಒಲೆ ಹಾಕಿಕೊಂಡಳಂತೆ. ಭಾನುವಾರ ಬಂತೆಂದರೆ ಹಿತ್ತಲಿನಲ್ಲಿ ಚಕ್ಕೆ ಲವಂಗದ ಘಮ, ಒಳಗೆ ಅಮ್ಮನ ಹುರುಳಿಕಾಳಿನ ಸಾರು. ನಾನು ಎರಡೂ ಕಡೆ ಉಣ್ಣುತ್ತಿದ್ದ ಸುಖಜೀವಿ. ಬಾಡು ಬೇಯಿಸಿದ ದಿನ ಅಜ್ಜಿ ಸ್ನಾನ ಮಾಡದೆ ಒಳಗಿನ ಒಲೆ ಮುಟ್ಟುತ್ತಿರಲಿಲ್ಲ. "ನಿಮ್ಮವ್ವ ಲಿಂಗಪೂಜೆ ಆಗ್ದೆ ಉಣ್ಣಾಕಿಲ್ಲ, ನಾನು ಉಣ್ದೆ ದ್ಯಾವ್ರ ಮಕ ನೋಡಾಕಿಲ್ಲ," ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದಳು.

ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ಅಮ್ಮನಿಗೆ ತಿಂದದ್ದು ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯವರು ಕೊಟ್ಟ ಗುಳಿಗೆಯೂ ನಿಲ್ಲಲಿಲ್ಲ. ಕೆನ್ನೆ ಒಳಗೆ ಸೇರಿ, ಕಣ್ಣು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಅಜ್ಜಿ ಬಿಡದೆ ಕೇಳಿದ ಮೇಲೆ, ತನ್ನ ಅವ್ವ ಮಾಡುತ್ತಿದ್ದ ಬದನೆಕಾಯಿ ಗೊಜ್ಜು ತಿನ್ನಬೇಕು ಅನ್ನಿಸುತ್ತದೆ ಎಂದಳು. ಕೆಂಡದಲ್ಲಿ ಸುಟ್ಟ ಬದನೆಕಾಯಿಯನ್ನು ಹಿಸುಕಿ, ಅದಕ್ಕೆ ಹುರಿದ ಹುಚ್ಚೆಳ್ಳು, ಒಣಮೆಣಸಿನಕಾಯಿ, ಹುಣಸೆಹಣ್ಣು, ಚೂರು ಬೆಲ್ಲ ಅರೆದು ಕಲಸುವ ಗೊಜ್ಜು ಅದು. ಅಜ್ಜಿ ಆಗಲೇ ಮಾಡಿಟ್ಟಳು. ಅಮ್ಮ ಒಂದು ತುತ್ತು ಬಾಯಿಗಿಟ್ಟು, ತಟ್ಟೆ ಸರಿಸಿ, "ಚೆನ್ನಾಗದೆ ಅತ್ತೆ, ಆಮೇಲೆ ಉಣ್ತೀನಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಮಾರನೆಯ ದಿನ ಇನ್ನೊಮ್ಮೆ ಮಾಡಿದಾಗಲೂ ಅಷ್ಟೇ ಆಯಿತು.

ತನ್ನ ಕೈರುಚಿಯ ಬಗ್ಗೆ ಅಜ್ಜಿಗೆ ಇದ್ದ ಜಂಬ ಊರಿಗೇ ಗೊತ್ತಿತ್ತು. ಅವಳಿಗೆ ಅದು ತಡೆಯಲಿಲ್ಲ. ಬೆಳಿಗ್ಗೆ ಎದ್ದವಳೇ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು. ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಹೆಮ್ಮರಗಾಲದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮನೆ ಕೇಳಿಕೊಂಡು ಹೋದರೆ, ಜಗಲಿಯ ಮೇಲೆ ಹಣೆತುಂಬ ವಿಭೂತಿ ಬಳಿದುಕೊಂಡ ಮುದುಕರೊಬ್ಬರು ಹಗ್ಗ ಹೊಸೆಯುತ್ತಿದ್ದರು. ಅಮ್ಮನ ತಂದೆ. ಅಜ್ಜಿ ಬೀದಿಯಲ್ಲೇ ನಿಂತಳು.

"ನಿಮ್ಮ ಮಗಳ ಅತ್ತೆ ಕಣ್ರೀ ಯಜಮಾನ್ರೇ. ಎದರ್ಬೇಡಿ, ಒಳಕ್ಕೆ ಬರಾಕಿಲ್ಲ. ಬಸುರಿ ಮಗೀಗೆ ತಿಂದಿದ್ದು ದಕ್ತಾ ಇಲ್ಲ. ಅವಳವ್ವ ಬದನೇಕಾಯಿ ಗೊಜ್ಜು ಎಂಗ್ ಮಾಡ್ತರೆ ಅಂತ ಕೇಳ್ಕಂಡು ಓಯ್ತೀನಿ."

ಹೊಸೆಯುವ ಕೈ ನಿಂತಿತು, ತಲೆ ಏಳಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಒಬ್ಬಾಕೆ ಬಂದು ಹೊಸ್ತಿಲಲ್ಲಿ ನಿಂತು, ನನ್ನನ್ನೇ ನೋಡುತ್ತ ಸೆರಗನ್ನು ಬಾಯಿಗೊತ್ತಿಕೊಂಡಳು. ಅಮ್ಮನ ಅವ್ವನನ್ನು ನಾನು ನೋಡಿದ್ದು ಅದೇ ಮೊದಲು. ಗಂಡ ಬೇಡವೆನ್ನದ್ದನ್ನು ಕಂಡು ಆಕೆ ಮೆಲ್ಲಗೆ ಒಂದೊಂದಾಗಿ ಹೇಳತೊಡಗಿದಳು. ಅಜ್ಜಿ ಪ್ರತಿಯೊಂದಕ್ಕೂ ತಲೆಯಾಡಿಸಿ, "ನಾನೂ ಅಂಗೇ ಮಾಡ್ದೆ ಕಣವ್ವ," ಎನ್ನುತ್ತಿದ್ದಳು. ಕೊನೆಗೆ ಅವ್ವ ಕೇಳಿದಳು: "ಕಾಯಿನ ಯಾವ ಒಲೇಲಿ ಸುಟ್ರಿ?"

ಅಜ್ಜಿಗೆ ಆಗ ಹೊಳೆಯಿತು. ಸ್ನಾನದ ನೀರೂ ಅಲ್ಲೇ ಕಾಯುತ್ತಿದ್ದುದರಿಂದ ಹಿತ್ತಲೊಲೆಯಲ್ಲಿ ಸದಾ ಕೆಂಡ ಇರುತ್ತಿತ್ತು. ಹತ್ತಿರಕ್ಕಾಯಿತು ಎಂದು ಬದನೆಕಾಯಿಯನ್ನು ಅಲ್ಲೇ ಹುದುಗಿಸಿದ್ದಳು. ಬಾಡಿನ ಜಿಡ್ಡು ಕುಡಿದ ಆ ಬೂದಿಯ ವಾಸನೆ ಅವಳ ಮೂಗಿಗೆ ವಾಸನೆಯೇ ಅಲ್ಲ. ಅಮ್ಮನಿಗೆ ಮೊದಲ ತುತ್ತಿಗೇ ತಿಳಿದಿತ್ತು; ಅತ್ತೆ ನೊಂದುಕೊಂಡಾಳು ಎಂದು ಸುಮ್ಮನಿದ್ದಳು. ಈಗ ಒಳಗಿನ ಒಲೆ ಎಂದು ಅಜ್ಜಿ ಒಂದು ಸುಳ್ಳು ಹೇಳಬಹುದಿತ್ತು. ನಿಜ ಹೇಳಿದರೆ ಅಮ್ಮನ ತವರಿನ ಬಾಗಿಲು ಮತ್ತೆಂದೂ ತೆರೆಯುವಂತಿರಲಿಲ್ಲ.

"ಇತ್ಲೊಲೇಲಿ ಕಣವ್ವ," ಎಂದಳು. "ಬಾಡು ಬೇಯ್ಸೋ ಒಲೇಲಿ. ತಲೇಗೇ ಬರ್ನಿಲ್ಲ. ಅವಳ ಅಡಿಗೇಗೆ ಅಂತ ಬ್ಯಾರೆ ಒಲೆ ಇದ್ರೂ ಇದ್ರಲ್ಲಿ ಸುಟ್ಬುಟ್ಟೆ. ತಪ್ಪಾಯ್ತು."

ತಾತ ಆಗ ತಲೆಯೆತ್ತಿದರು. "ಬ್ಯಾರೆ ಒಲೆ ಇಟ್ಟಿದೀರಾ?"

"ಅವಳು ಬಂದ ವಾರದಲ್ಲೇ ಮಡಗಿದ್ದು. ಅವಳೇನೂ ಕೇಳ್ನಿಲ್ಲ."

ತಾತ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ ಹೆಂಡತಿಯ ಕಡೆ ನೋಡದೆಯೇ, "ಬೀಗ್ರು ಬಿಸಿಲಲ್ಲಿ ನಿಂತವ್ರೆ, ನೀರು ಕೊಡು," ಎಂದರು. ಬೀಗರು ಎಂದ ಮೇಲೆ ಮದುವೆಯನ್ನು ಒಪ್ಪಿದಂತೆಯೇ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅದು ಬೆವರಷ್ಟೇ ಅಲ್ಲ ಎಂದು ಆ ವಯಸ್ಸಿಗೂ ನನಗೆ ತಿಳಿಯಿತು. ತಾತ ಹೆಂಡತಿಗೆ ಇನ್ನೊಂದು ಮಾತು ಸೇರಿಸಿದರು: "ನೀನೂ ಓಗ್ಬುಟ್ಟು ಬಾ."

ಸಂಜೆಯ ಬಸ್ಸಿನಲ್ಲಿ ಅವ್ವ ನಮ್ಮ ಜೊತೆ ಬಂದಳು. ಒಳಗಿನ ಒಲೆಯ ಕೆಂಡದಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಕಲಸಿದಳು. ಅಮ್ಮ ಅಳುತ್ತಲೇ ಉಂಡಳು, ಉಂಡದ್ದು ದಕ್ಕಿತು. ಅಜ್ಜಿ ಬಾಗಿಲಲ್ಲಿ ಕುಳಿತು ಬೆರಳಿನಲ್ಲಿ ಒಂದಿಷ್ಟು ನೆಕ್ಕಿ ನೋಡಿ, "ನಾನ್ ಮಾಡಿದ್ದೂ ಇದೇ ರುಚಿ ಕಣೋ," ಎಂದು ಅಪ್ಪನ ಬಳಿ ಗೊಣಗಿದಳು. ತಾತ ಮಾತ್ರ ಕೊನೆಯವರೆಗೂ ನಮ್ಮ ಮನೆಯಲ್ಲಿ ಉಣ್ಣಲಿಲ್ಲ. ವರ್ಷಕ್ಕೊಮ್ಮೆ ಬಂದು, ಜಗಲಿಯಲ್ಲಿ ಕುಳಿತು, ಒಂದು ಬಾಳೆಹಣ್ಣು ತಿಂದು ಹೋಗುತ್ತಿದ್ದರು. ಅಮ್ಮನಿಗೆ ಅಷ್ಟೇ ಹಬ್ಬ.

ಈಗ ಅವರು ಯಾರೂ ಇಲ್ಲ. ನನ್ನ ಗ್ಯಾಸ್ ಒಲೆಯಲ್ಲಿ ಒಂದು ಬರ್ನರಿನ ಮೇಲೆ ಕೋಳಿಸಾರು ಕುದಿಯುತ್ತಿದ್ದರೆ ಪಕ್ಕದಲ್ಲೇ ಬದನೆಕಾಯಿ ಸುಡುತ್ತದೆ. ಗೊಜ್ಜು ಚೆನ್ನಾಗಿಯೇ ಬರುತ್ತದೆ, ಮಕ್ಕಳು ಬೆರಳು ನೆಕ್ಕಿ ತಿನ್ನುತ್ತಾರೆ. ಒಂದು ತುತ್ತು ತಿಂದು ತಟ್ಟೆ ಸರಿಸುವವರು ಮಾತ್ರ ಈ ಮನೆಯಲ್ಲಿ ಯಾರೂ ಉಳಿದಿಲ್ಲ.