ಖಾಲಿ ಚೀಟಿ ಹಾಕಿದ ಕಾಕಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಓದಿನ ಸಾಲಕ್ಕೆ ಜಾಮೀನು ನಿಂತ ಮನುಷ್ಯನನ್ನು, ಅವರು ಸಹಿ ಹಾಕುವ ಹಿಂದಿನ ದಿನವೇ, ಹತ್ತು ಜನರ ಮುಂದೆ ಅಣಕಿಸಿ ನಗಿಸಿದವನು ನಾನು. ಮೊನ್ನೆ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿದ ಘಾಟಿಗೆ ನನಗೆ ಮೂರು ಸೀನು ಬಂದವು. ಎರಡು ನನ್ನವು. ಮೂರನೆಯದು, ಕೊನೆಗೆ "ಶಿವನ" ಎಂದು ಇಳಿಯುವ ಆ ಉದ್ದನೆಯ ಸೀನು, ಜಾಮೀನು ನಿಂತ ಆ ಪಕ್ಕದ ಮನೆಯ ಕಾಕಾನದು. ಅಣಕಿಸಿ ಅಣಕಿಸಿ ನನ್ನ ಮೂಗಿಗೇ ಅಂಟಿಕೊಂಡಿದೆ...

ಕಾಕಾ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಬ್ಬ ಖರೀದಿದಾರರ ಪರವಾಗಿ ಮಾಲು ನೋಡುತ್ತಿದ್ದರು. ರಾಶಿಯ ಮೇಲಿನ ಕಾಯಿ ಮುಟ್ಟುತ್ತಿರಲಿಲ್ಲ. ಮೊಣಕೈವರೆಗೆ ಕೈ ತೂರಿಸಿ ಒಳಗಿನದನ್ನೇ ತೆಗೆದು, ಮೂಸಿ, ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುತ್ತಿದ್ದರು. ಆಮೇಲೆ ರೇಟನ್ನು ಯಾರಿಗೂ ಹೇಳದೆ ಚೀಟಿಯಲ್ಲಿ ಬರೆದು, ಮಡಚಿ, ಪೆಟ್ಟಿಗೆಗೆ ಹಾಕುವುದು. ನಮ್ಮ ಮಾರುಕಟ್ಟೆಯ ಪದ್ಧತಿಯೇ ಅದು; ಹೆಚ್ಚು ಬರೆದವರಿಗೆ ಮಾಲು.

ಎರಡು ಸಾವಿರದ ನಾಲ್ಕರಲ್ಲಿ ನನಗೆ ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಎರಡೂವರೆ ಲಕ್ಷ ಸಾಲ ಬೇಕಿತ್ತು. ಮನೆಯ ಹೊರಗಿನವರೊಬ್ಬರ ಜಾಮೀನು ತನ್ನಿ ಎಂದರು ಬ್ಯಾಂಕಿನವರು. "ಕಂಪ್ಯೂಟರ್ ಕಲ್ತವ್ರು ನೋಟು ಎಣಸಾಕ ಆಳು ಇಟ್ಟಾರಲೇ" ಎಂದ ಅಂಗಡಿಗೆ ಬಂದ ಒಬ್ಬ. "ಆಳೇನು, ಅವ್ರ ಈಗ ಮನ್ಯಾಗ ಕುಂತು ನೊಣಾ ಹೊಡಿಯಾಕತ್ತಾರ" ಎಂದ ಇನ್ನೊಬ್ಬ. ಇಬ್ಬರ ದನಿಯನ್ನೂ ಥೇಟ್ ಹಾಗೆಯೇ ಮಾಡಿ ತೋರಿಸುತ್ತಿದ್ದೆ. ಯಾರ ಮಾತು ಖರೆ ಎನ್ನುವುದು ಮಾತ್ರ ನನಗೂ ತಿಳಿಯಲಿಲ್ಲ, ಅಪ್ಪನಿಗೂ ತಿಳಿಯಲಿಲ್ಲ.

ಅಪ್ಪ ಕಾಕಾನನ್ನು ಕೇಳಿದರು. ಕಾಕಾ ಕಟ್ಟೆಯ ಮೇಲೆ ಕುಳಿತು ಕಿಸೆಯಿಂದ ಮೂರು ಚೀಟಿ ತೆಗೆದರು. "ಓದು ಮುಗದ ಮ್ಯಾಲ ಇವನ ಪಗಾರ ತಿಂಗಳಿಗೆ ಎಷ್ಟು? ಮೂರೂ ಮಂದಿ ಬರಿಯೂಣು. ಒಬ್ಬರದು ಒಬ್ಬರು ನೋಡಬಾರ್ದು."

ನಾನು ನಲವತ್ತು ಸಾವಿರ ಎಂದು ಬರೆದೆ. ಅಕ್ಷರದಲ್ಲೂ ಬರೆದು ಕೆಳಗೆ ಗೆರೆ ಎಳೆದೆ. ಅಪ್ಪನ ಚೀಟಿಯಲ್ಲಿ ಆರು ಸಾವಿರ ಇತ್ತು. ಕಾಕಾನ ಚೀಟಿ ಬಿಚ್ಚಿದರೆ... ಖಾಲಿ. ಮಾರುಕಟ್ಟೆಯಲ್ಲಿ ರೇಟು ಬರೆಯದೆ ಬಿಟ್ಟರೆ ಆ ಮಾಲು ಬೇಡ ಎಂದೇ ಅರ್ಥ. ಅಪ್ಪ ಎದ್ದು ಒಳಗೆ ಹೋದರು. ಜಾಮೀನಿನ ಆಸೆ ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಮರುದಿನ ಮಾರುಕಟ್ಟೆಯ ಚಹದ ಅಂಗಡಿಯಲ್ಲಿ ನಾನು ಕಾಕಾ ಆದೆ. ನನ್ನ ಜುಟ್ಟನ್ನೇ ಹಿಡಿದೆತ್ತಿ, ಮೂಸಿದಂತೆ ಮಾಡಿ, ತಲೆಯನ್ನು ಅಲ್ಲಾಡಿಸಿ ಕಿವಿಗೊಟ್ಟೆ. "ಹಸೀ ಐತಿ. ಒಳಗ ಬೀಜಾನ ಇಲ್ಲ. ಬ್ಯಾಡ್ರಿ ಸಾವ್ಕಾರ್ರ!" ಹಮಾಲರು ಚಹ ಚೆಲ್ಲುವಷ್ಟು ನಕ್ಕರು. ಸಂಜೆಯೊಳಗೆ ಸುದ್ದಿ ಕಾಕಾನಿಗೂ ಮುಟ್ಟಿತು.

ಮಾರನೆಯ ಬೆಳಿಗ್ಗೆ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಮ್ಮ ಮನೆಯ ಹಕ್ಕಿನ ಉತಾರ ಮತ್ತು ಎರಡು ಫೋಟೊ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಸಾಲದ ಕಾಗದ ಹಾವೇರಿಯ ಶಾಖೆಯಲ್ಲಿತ್ತು. ಬಸ್ಸಿನಲ್ಲಿ ಅವರ ಪಕ್ಕ ಕುಳಿತ ನನಗೆ ಕಾಲು ಎಲ್ಲಿ ಇಡಬೇಕೆಂದೂ ತೋಚಲಿಲ್ಲ.

"ಕಾಕಾ, ಚೀಟಿ ಖಾಲಿ ಹಾಕಿದ್ರಲ್ಲಾ?"

"ಗಿಡ ಇನ್ನೂ ಹೂವಿನಾಗ ಐತಿ. ಈಗ ಏನಂತ ರೇಟು ಬರೀಲಿ? ಬರದ್ರ ಸುಳ್ಳ ಬರೀಬೇಕು."

"ಹಂಗಾದ್ರ ಜಾಮೀನು ಯಾಕ ಹಾಕ್ತೀರಿ?"

"ಅದು ನನಗೂ ತಿಳೀವಲ್ದು" ಎಂದರು. ಆಮೇಲೆ, "ನನ್ನಂಗ ಮಾಡಿ ತೋರ್ಸಿದ್ಯಂತಲ್ಲ, ಮಾಡು, ನೋಡೂಣು" ಎಂದರು. ಜೀವನದಲ್ಲಿ ಮೊದಲ ಸಲ ನನ್ನ ಗಂಟಲಿನಿಂದ ಯಾರ ದನಿಯೂ ಹೊರಡಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಓದು ಮುಗಿಯಿತು. ಕೆಲಸ ಕೊಡುತ್ತೇವೆಂದ ಕಂಪನಿ ಪತ್ರ ಕಳಿಸಿತು, ಕೆಲಸಕ್ಕೆ ಸೇರುವ ತಾರೀಖು ಕಳಿಸಲಿಲ್ಲ. ರಾಣೆಬೆನ್ನೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಲು ಸೇರಿದೆ. ಪಗಾರ ಆರು ಸಾವಿರ. ಅಪ್ಪನ ಚೀಟಿ ಗೆದ್ದಿತ್ತು. ಅಪ್ಪ ಮಾತ್ರ ನಗಲಿಲ್ಲ. ಕಂತು ಪಗಾರದ ಮುಕ್ಕಾಲು ಪಾಲು ನುಂಗುತ್ತಿತ್ತು. ಮೂರು ಕಂತು ತಪ್ಪಿದಾಗ ಬ್ಯಾಂಕಿನ ನೋಟಿಸು ಕಾಕಾನ ಮನೆಗೂ ಹೋಯಿತು. ನಾನು ಅವರ ಕಣ್ಣು ತಪ್ಪಿಸಿ ವಾರಗಟ್ಟಲೆ ಹಿತ್ತಲ ದಾರಿಯಲ್ಲಿ ಓಡಾಡಿದೆ. ಒಂದು ದಿನ ಗೋಡೆಯಾಚೆಯಿಂದ ಕಾಕಾನ ದನಿ ಬಂತು: "ಊಟಾ ಆತನೋ?" ಅಷ್ಟೇ. ನೋಟಿಸಿನ ಮಾತು ಅವರು ಯಾವತ್ತೂ ಎತ್ತಲಿಲ್ಲ.

ಸಾಲ ತೀರಿತು, ತಡವಾಗಿ. ಈಗ ಹಾವೇರಿಯಲ್ಲಿ ಅಂಗಡಿಗಳಿಗೆ ಬಿಲ್ಲು ಮಾಡುವ ಸಾಫ್ಟ್‌ವೇರ್ ಬರೆದುಕೊಡುತ್ತೇನೆ; ಹೊಟ್ಟೆಗೆ ಕೊರತೆಯಿಲ್ಲ. ಆದರೆ ಕಟ್ಟಿದ ಬಡ್ಡಿ, ಕಳೆದ ವರ್ಷಗಳು, ಸೈಕಲ್ ಅಂಗಡಿಯಲ್ಲೇ ಕೂತಿದ್ದರೆ ಉಳಿಯುತ್ತಿದ್ದದ್ದು... ಕೂಡಿ ಕಳೆದಾಗಲೆಲ್ಲ ಬೇರೆಯದೇ ಉತ್ತರ ಬರುತ್ತದೆ. ಆ ಡಿಗ್ರಿ ಲಾಭವೋ ಲುಕ್ಸಾನೋ, ಇವತ್ತಿಗೂ ಗೊತ್ತಿಲ್ಲ.

ಕಾಕಾ ತೀರಿಕೊಂಡು ಮೂರು ತಿಂಗಳಾಯಿತು. ಹೋದ ಭಾನುವಾರ ಅವರ ಹೆಂಡತಿ, ಕಾಕು, ಒಬ್ಬರೇ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದರು. ಸಮಾಧಾನ ಹೇಳಲು ಹೋದ ನಾನು ಇದೇ ಪುರಾಣ ಶುರುಮಾಡಿದೆ: ಸಾಲ ಇಷ್ಟು, ಬಡ್ಡಿ ಇಷ್ಟು, ಪಗಾರ ಇಷ್ಟು, ಕಾಕಾ ಹಾಕಿದ ಜಾಮೀನಿಗೆ ನಾನು ತಕ್ಕವನಾದೆನೋ ಇಲ್ಲವೋ... ದನಿ ಎಲ್ಲೋ ಒಡೆಯಿತು. ಕಾಕು ತಲೆ ಎತ್ತಿ ನನ್ನ ಮುಖ ನೋಡಿದರು.

"ಅಳು ಬಂದ್ರ ಅಳೋ ತಮ್ಮಾ, ಲೆಕ್ಕಾ ಯಾಕ ಒಪ್ಪಸ್ತೀ?"