ಒನ್ ಬ್ರದರ್

ಬಿ.ಎ. ಮುಗಿಸಿದ ವರ್ಷ, ಐವತ್ತರ ದಶಕದ ಕೊನೆಯಲ್ಲಿ, ಅರಕಲಗೂಡಿನಿಂದ ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋದೆ. ಜಿಲ್ಲೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಮೇಡಂ ಕೆಲಸಕ್ಕೆ ಸಂದರ್ಶನವಿತ್ತು. ಪ್ರಶ್ನೆ ಕೇಳಿದವರು ಕೋಟು ಹಾಕಿದ್ದ ವಯಸ್ಸಾದ ಹೆಡ್ಮಾಸ್ತರು. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪ ಅಮ್ಮನ ವಿಷಯ ಹೇಳಿ, "ಐ ಹ್ಯಾವ್ ಒನ್ ಬ್ರದರ್" ಎಂದೆ.

ಅವರು ಪೆನ್ನು ಕೆಳಗಿಟ್ಟು ಕನ್ನಡಕ್ಕೆ ಬಂದರು.

"ನೋಡಮ್ಮ, 'ಎ ಬ್ರದರ್' ಅಂದ್ರೆ ಸಾಕು. ಕನ್ನಡದಲ್ಲಿ ನಾವು 'ಎ', 'ಒನ್' ಎರಡಕ್ಕೂ ಒಬ್ಬ ಅಂತೀವಿ. ಇಂಗ್ಲಿಷಿನಲ್ಲಿ ಹಾಗಲ್ಲ. 'ಎ' ಆರ್ಟಿಕಲ್ಲು, ಯಾರೋ ಒಬ್ಬರಿದ್ದಾರೆ ಅಂತ ತಿಳಿಸುತ್ತೆ ಅಷ್ಟೆ. 'ಒನ್' ಸಂಖ್ಯೆ. ಅದು ಎಣಿಸೋವಾಗ ಬರಬೇಕು."

"ಎಣಿಸಿಯೇ ಹೇಳಿದೆ ಸಾರ್. ಇಬ್ಬರಿದ್ರು. ಅಣ್ಣ ಹೋದ ಮಳೆಗಾಲದಲ್ಲಿ ವಿಷಮಶೀತ ಜ್ವರ ಬಂದು ತೀರಿಕೊಂಡ. ಈಗ ತಮ್ಮ ಇದ್ದಾನೆ."

ಅಯ್ಯೋ ಪಾಪ ಎನ್ನಿಸಿಕೊಳ್ಳಲು ಹೇಳಿದ್ದಲ್ಲ. ವ್ಯಾಕರಣ ಬಾರದವಳು ಎಂದುಕೊಂಡರೆ ಕೆಲಸ ಕೈತಪ್ಪುತ್ತದೆ ಎಂಬ ಭಯವಿತ್ತು. ಅವರು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. "ಹಾಗಾದ್ರೆ ನೀವು ಹೇಳಿದ್ದೇ ಸರಿ" ಎಂದು ಮುಂದಿನ ಪ್ರಶ್ನೆಗೆ ಹೋದರು.

ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ತಮ್ಮನೂ ನನ್ನ ಜೊತೆ ಬಂದು ಅದೇ ಶಾಲೆಗೆ ಸೇರಿದ. ಆ ವರ್ಷ 'ಎ' ಮತ್ತು 'ಒನ್' ಪಾಠ ಬಂದಾಗ ನಾನು ಬೋರ್ಡಿನ ಮೇಲೆ 'ಬ್ರದರ್' ಬಿಟ್ಟು ಪುಸ್ತಕ, ಮಾವಿನಹಣ್ಣುಗಳ ಉದಾಹರಣೆ ಬರೆದೆ. ತಮ್ಮ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಎಲ್ಲರಂತೆ ಬರೆದುಕೊಂಡ.